ಟಕೋಮಾ ಪಿಕಪ್‌ಗೆ 33 ಇಂಚಿನ ಟಯರ್: ಬಾಡಿ ಎತ್ತಿದ ಮೇಲೂ ಯಾಕೆ ಉಜ್ಜುತ್ತದೆ?

ನಮ್ಮ ಮೂಡಿಗೆರೆ ಕಡೆ ಜೀಪಿಗೆ ದಪ್ಪ ಟಯರ್ ಹಾಕಿಸೋದು ಅಂದರೆ, 'ಮೊದಲು ಹಾಕೋಣ, ತಾಗಿದರೆ ಆಮೇಲೆ ಕುಯ್ಯೋಣ' ಅನ್ನೋ ಲೆಕ್ಕ. ಅರಿಜೋನಾಕ್ಕೆ ಬಂದು ಹನ್ನೊಂದು ವರ್ಷ ಆದ ಮೇಲೂ ನಾನು ಅದನ್ನೇ ಮಾಡಿದೆ. ನನ್ನದು 2009ರ ಟೊಯೋಟಾ ಟಕೋಮಾ, 4 ಲೀಟರ್ ವಿ6, ಫೋರ್ ವೀಲ್ ಡ್ರೈವ್. ಒಂದು ಇಂಚು ಬಾಡಿ ಲಿಫ್ಟ್ ಇದ್ದರೆ 33 ಆರಾಮಾಗಿ ಕೂರುತ್ತದೆ ಅಂತ ಟಯರ್ ಅಂಗಡಿಯವರು ಹೇಳಿದರು. ನಂಬಿ ಲಿಫ್ಟ್ ಮಾಡಿದೆ. ಹೊಸ ಟಯರ್ ಹಾಕಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆದೆ. ಕರ್ರ್ ಅಂತ ಸದ್ದು. ಅಂಗಡಿ ಗೇಟು ಇನ್ನೂ ದಾಟಿರಲಿಲ್ಲ.

ಎಡವಟ್ಟು ಎಲ್ಲಾಯಿತು ಅಂತ ಮೊದಲು ಹೇಳಿಬಿಡುತ್ತೇನೆ. ಪಿಕಪ್‌ನಲ್ಲಿ ಚಾಸಿಸ್ ಬೇರೆ, ಅದರ ಮೇಲೆ ರಬ್ಬರ್ ಬುಶ್ ಇಟ್ಟು ಕೂರಿಸಿದ ಬಾಡಿ ಬೇರೆ. ಬಾಡಿ ಲಿಫ್ಟ್ ಅಂದರೆ ಇವೆರಡರ ನಡುವೆ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಸೇರಿಸೋದು, ಅಷ್ಟೇ. ಬಾಡಿಗೆ ಅಂಟಿಕೊಂಡಿದ್ದೆಲ್ಲ ಮೇಲೇಳುತ್ತದೆ. ಚಾಸಿಸ್‌ಗೆ ಅಂಟಿಕೊಂಡಿದ್ದು ಇದ್ದಲ್ಲೇ ಇರುತ್ತದೆ. ಹಾಗಾಗಿ ಮಡ್‌ಗಾರ್ಡ್ ಮೇಲೆ ಹೋಯಿತು, ಟಯರಿನ ನೆತ್ತಿಗೆ ಜಾಗ ಸಿಕ್ಕಿತು. ಆದರೆ ಮುಂದಿನ ಚಕ್ರದ ಹಿಂದೆ ಕ್ಯಾಬಿನ್ ಕೂರುವ ಒಂದು ಕಬ್ಬಿಣದ ಕಿವಿ ಇದೆ, ಕ್ಯಾಬ್ ಮೌಂಟ್. ಅದನ್ನು ಬೆಸುಗೆ ಹಾಕಿರೋದು ಚಾಸಿಸ್‌ಗೆ. ನೀವು ಬಾಡಿಯನ್ನು ಮೂರು ಇಂಚು ಎತ್ತಿದರೂ ಅದು ಕದಲುವುದಿಲ್ಲ. ನನ್ನ ಟಯರ್ ಉಜ್ಜಿದ್ದು ಅಲ್ಲೇ.

ಟಯರ್ ಕೊಳ್ಳುವ ಮುಂಚೆ ಲೆಕ್ಕ ಹಾಕಿ. ನನ್ನ ಹಳೇದು 265/70ಆರ್16. 265 ಮಿ.ಮೀ. ಟಯರಿನ ಅಗಲ, ಅದರ ಶೇ. 70 ಪಕ್ಕದ ಎತ್ತರ, ಅಂದರೆ 185.5 ಮಿ.ಮೀ., ಮೇಲೆ ಕೆಳಗೆ ಸೇರಿ 371. ಅದಕ್ಕೆ 16 ಇಂಚಿನ ರಿಮ್, ಅಂದರೆ 406.4 ಮಿ.ಮೀ. ಕೂಡಿಸಿ. ಒಟ್ಟು 777 ಮಿ.ಮೀ., ಸುಮಾರು 30.6 ಇಂಚು. ಹೊಸದು 285/75ಆರ್16, ಅದೇ ಲೆಕ್ಕದಲ್ಲಿ 834 ಮಿ.ಮೀ., 32.8 ಇಂಚು. ಇದನ್ನೇ ಎಲ್ಲರೂ 33 ಅನ್ನೋದು. ಹೆಚ್ಚಿದ 56 ಮಿ.ಮೀ.ನಲ್ಲಿ ಅರ್ಧ, ಅಂದರೆ 28 ಮಿ.ಮೀ. ಮಾತ್ರ ಹಿಂದಿನ ಡಿಫರೆನ್ಷಿಯಲ್ (ಎರಡು ಹಿಂಚಕ್ರದ ನಡುವಿನ ಗೇರ್ ಡಬ್ಬಿ) ಅಡಿ ಜಾಸ್ತಿ ಆಗುತ್ತದೆ. ಬಾಡಿ ಲಿಫ್ಟಿನಿಂದ ಅಲ್ಲಿಗೆ ಸಿಗೋದು ಸೊನ್ನೆ. ಎತ್ತರ ಕಾಣುತ್ತೆ ಅಂತ ಕಲ್ಲು ಹತ್ತಿಸಲು ಹೋಗಬೇಡಿ.

ರಿಮ್ ವಿಷಯಕ್ಕೂ ಗಮನ ಕೊಡಿ. 285 ಟಯರಿಗೆ ಕನಿಷ್ಠ ಏಳೂವರೆ ಇಂಚು ಅಗಲದ ರಿಮ್ ಬೇಕು, ಕಂಪನಿ ಕೊಟ್ಟಿದ್ದು 7 ಇಂಚಿನದು. ನಾನು 8 ಇಂಚಿನದು ತಗೊಂಡೆ. ಚಕ್ರ ಹೊರಗೆ ಚಾಚಿದಷ್ಟೂ ಒಳಗಿನ ಸಸ್ಪೆನ್ಶನ್ ಆರ್ಮ್‌ಗೆ ತಾಗೋದು ತಪ್ಪುತ್ತದೆ. ಆದರೆ ತಿರುಗಿಸುವಾಗ ಟಯರ್ ಇನ್ನೂ ದೊಡ್ಡ ಸುತ್ತು ಹಾಕಿ ಕ್ಯಾಬ್ ಮೌಂಟ್‌ಗೆ ಜಾಸ್ತಿ ಹತ್ತಿರ ಬರುತ್ತದೆ. ಹಾಗಾಗಿ ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಗಾಡಿಗೆ ಕೂರುವ ಮುಖ ಎಷ್ಟು ದೂರ ಅನ್ನೋ ಅಳತೆ, ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ) ಸೊನ್ನೆಗಿಂತ ಕೆಳಗೆ ಇಳಿಸಬೇಡಿ. ಟೊಯೋಟಾದ ಅಲಾಯ್ ರಿಮ್ಮಿನ ನಟ್‌ಗೆ ಚಪ್ಪಟೆ ವಾಷರ್ ಇರುತ್ತದೆ. ಬೇರೆ ಕಂಪನಿಯ ರಿಮ್‌ಗಳಿಗೆ ಸಾಮಾನ್ಯವಾಗಿ ಶಂಕುವಿನಾಕಾರದ ನಟ್ ಬೇಕು. ಹಳೇ ನಟ್ ಹಾಕಿ ಬಿಗಿದರೆ ಚಕ್ರ ಕಳಚಿಕೊಳ್ಳಬಹುದು.

ಈಗ ಲಿಫ್ಟ್. ಹಿಂದಿನ ರಾತ್ರಿಯೇ ಬಾಡಿ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ. ಹಿಮಕ್ಕೆ ರಸ್ತೆ ಮೇಲೆ ಉಪ್ಪು ಸುರಿಯುವ ಊರಿನಿಂದ ಬಂದ ಗಾಡಿಯಾದರೆ ಎರಡು ರಾತ್ರಿ ಹೊಡೆದರೂ ಸರಿಯೇ. ಬೆಳಿಗ್ಗೆ ಬ್ಯಾಟರಿಯ ನೆಗೆಟಿವ್ ತೆಗೆದು, ಚಕ್ರಕ್ಕೆ ಅಡ್ಡ ಕೊಡಿ. ಸ್ಟೇರಿಂಗ್ ನೇರ ಇಟ್ಟು ಲಾಕ್ ಮಾಡಿ. ಸ್ಟೇರಿಂಗ್ ಶಾಫ್ಟ್ (ಸ್ಟೇರಿಂಗ್‌ನಿಂದ ಕೆಳಗೆ ಹೋಗುವ ಸರಳು) ಬಿಚ್ಚಬೇಕಾಗಿ ಬಂದಾಗ ಸ್ಟೇರಿಂಗ್ ಸುಮ್ನೆ ಗಿರಗಿರ ತಿರುಗಿದರೆ, ಒಳಗೆ ಏರ್‌ಬ್ಯಾಗ್‌ಗೆ ಹೋಗುವ ಸುರುಳಿ ವಯರ್ ಕಿತ್ತುಹೋಗುತ್ತದೆ. ಒಂದು ಇಂಚಿಗೆ ನನಗೆ ಶಾಫ್ಟ್ ಬಿಚ್ಚಬೇಕಾಗಲಿಲ್ಲ. ಮೂರು ಇಂಚಾದರೆ ಶಾಫ್ಟ್ ಉದ್ದ ಮಾಡುವ ತುಂಡು, ಬಂಪರ್ ಬ್ರಾಕೆಟ್ಟು, ಹೀಗೆ ಪಟ್ಟಿ ಬೆಳೆಯುತ್ತದೆ.

ಎರಡೂ ಬದಿಯ ಬೋಲ್ಟ್‌ಗಳನ್ನು ಸಡಿಲ ಮಾಡಿ, ಆದರೆ ಪೂರ್ತಿ ಬಿಚ್ಚೋದು ಒಂದು ಬದಿಯದು ಮಾತ್ರ. ಬಾಡಿ ಅಡಿಗೆ ಅಗಲದ ಹಲಗೆ ಇಟ್ಟು ಜ್ಯಾಕ್ ಕೊಡಿ. ಬರಿ ಜ್ಯಾಕ್ ಕೊಟ್ಟರೆ ತಗಡು ಒಳಗೆ ಹೋಗುತ್ತದೆ. ನಿಧಾನಕ್ಕೆ ಎತ್ತುತ್ತಾ ಬ್ರೇಕ್ ಪೈಪು, ವಯರು, ಡೀಸೆಲ್ಲೋ ಪೆಟ್ರೋಲೋ ತುಂಬುವ ಹೋಸು, ಅರ್ಥ್ ಪಟ್ಟಿ ಬಿಗಿಯಾಗುತ್ತಿದೆಯಾ ನೋಡುತ್ತಿರಬೇಕು. ಇದಕ್ಕೆ ಇನ್ನೊಬ್ಬರು ಬೇಕೇ ಬೇಕು. ನನ್ನ ಭಾವಮೈದ ಟಾರ್ಚ್ ಹಿಡಿದು ಕೆಳಗೆ ಮಲಗಿ, "ಭಾವ ನಿಲ್ಸಿ, ನಿಲ್ಸಿ" ಅಂತ ಕೂಗಿದ್ದಕ್ಕೇ ಒಂದು ವಯರ್ ಉಳಿಯಿತು. ಬಿಲ್ಲೆಯನ್ನು ಇಕ್ಕಳದಲ್ಲಿ ಹಿಡಿದು ತೂರಿಸಿ. ಚಾಸಿಸ್‌ಗೂ ಬಾಡಿಗೂ ನಡುವೆ ಬೆರಳು ಹಾಕಬೇಡಿ, ಜ್ಯಾಕ್ ಜಾರಿದರೆ ಬೆರಳು ಉಳಿಯಲ್ಲ. ಉದ್ದದ ಹೊಸ ಬೋಲ್ಟ್‌ಗಳನ್ನು ಕೈಯಲ್ಲಿ ನಾಲ್ಕು ಸುತ್ತು ಹತ್ತಿಸಿ, ಇನ್ನೊಂದು ಬದಿ ಮುಗಿಸಿದ ಮೇಲೆ ಲಿಫ್ಟ್ ಕಿಟ್‌ನಲ್ಲಿ ಹೇಳಿದ ಟಾರ್ಕ್‌ಗೆ (ಬಿಗಿಯುವ ಬಲದ ಅಳತೆ) ಬಿಗಿಯಿರಿ.

ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಎತ್ತಿ ಫ್ಯಾನ್ ನೋಡಿ. ರೇಡಿಯೇಟರೂ ಅದರ ಪ್ಲಾಸ್ಟಿಕ್ ಗೂಡೂ ಬಾಡಿಯ ಜೊತೆ ಮೇಲೆ ಹೋಗಿವೆ. ಫ್ಯಾನ್ ಇಂಜಿನ್ನಿಗೆ ಸೇರಿದ್ದು, ಅದು ಅಲ್ಲೇ ಇದೆ. ನನ್ನ ಗಾಡಿಯಲ್ಲಿ ಗೂಡಿನ ಕೆಳ ಅಂಚಿಗೂ ಫ್ಯಾನ್ ರೆಕ್ಕೆಗೂ ನಡುವೆ ಒಂದು ಪೆನ್ಸಿಲ್ ತೂರುವಷ್ಟೂ ಜಾಗ ಇರಲಿಲ್ಲ. ಗೂಡು ಬಿಚ್ಚಿ, ಕೆಳಗೆ ಇಳಿಸಿ ಕೂರಿಸಿದೆ.

ಇನ್ನು ಕ್ಯಾಬ್ ಮೌಂಟ್. ಎಷ್ಟು ಕುಯ್ಯಬೇಕು ಅಂತ ಕಣ್ಣಳತೆಯಲ್ಲಿ ಗೊತ್ತಾಗಲ್ಲ. ನಾನು ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಒಂದು ಉಂಡೆ ತಂದೆ. ("ಏನ್ರೀ, ಗಾಡಿಗೂ ಚಪಾತಿನಾ?" ಅಂತ ಹೆಂಡತಿ.) ಮೌಂಟಿನ ಮುಂಭಾಗದ ಅಂಚಿಗೆ ಒಂದು ಇಂಚು ದಪ್ಪ ಮೆತ್ತಿ, ಹಿಟ್ಟಿನ ಮೇಲೆ ಎಣ್ಣೆ ಸವರಿದೆ, ಟಯರಿಗೆ ಅಂಟದಿರಲಿ ಅಂತ. ಸ್ಟೇರಿಂಗ್ ಪೂರ್ತಿ ಎಡಕ್ಕೆ, ಆಮೇಲೆ ಬಲಕ್ಕೆ, ಎರಡರಲ್ಲೂ ನಡೆಯುವ ವೇಗದಲ್ಲಿ ಮುಂದೆ ಮತ್ತು ಹಿಂದೆ. ಆಮೇಲೆ ಒಂದು ಚಕ್ರವನ್ನು ಫುಟ್‌ಪಾತ್ ಅಂಚಿಗೆ ಹತ್ತಿಸಿ ಅದೇ ಪರೀಕ್ಷೆ. ಇಳಿದು ನೋಡಿದರೆ ಹಿಟ್ಟಿನ ಮೇಲೆ ಟಯರಿನ ಗುಬ್ಬಿಗಳ ಅಚ್ಚು ಸ್ಪಷ್ಟವಾಗಿ ಮೂಡಿತ್ತು, ಹೊರ ಮೂಲೆಯಲ್ಲಿ ಕಬ್ಬಿಣವೇ ಕಾಣುತ್ತಿತ್ತು. ಎಲ್ಲಿ ಹಿಟ್ಟು ಅರ್ಧ ಇಂಚಿಗಿಂತ ತೆಳ್ಳಗಾಗಿದೆಯೋ ಅಲ್ಲಿ ಚಾಕ್‌ಪೀಸ್ ಗುರುತು ಹಾಕಿದೆ.

ಕುಯ್ಯುವ ಮುಂಚೆ ಅಲೈನ್ಮೆಂಟ್ ಅಂಗಡಿಗೆ ಹೋಗಿ, ಪಾಸಿಟಿವ್ ಕ್ಯಾಸ್ಟರ್ (ಸ್ಟೇರಿಂಗ್‌ಗೆ ಚಕ್ರ ತಿರುಗುವ ಅಚ್ಚಿನ ಮೇಲ್ತುದಿ ಹಿಂದಕ್ಕೆ ವಾಲಿರೋದು) ಎಷ್ಟಾಗುತ್ತೋ ಅಷ್ಟು ಕೊಡಿ ಅಂತ ಕೇಳಿ. ಚಕ್ರ ಸ್ವಲ್ಪ ಮುಂದೆ ಸರಿಯುತ್ತದೆ. ಕೆಲವರಿಗೆ ಅಷ್ಟೇ ಸಾಕಾಗುತ್ತದೆ. ನನಗೆ ಸಾಕಾಗಲಿಲ್ಲ. ಮೌಂಟಿನ ಮೂಲೆ ಕತ್ತರಿಸಿದರೆ ಅದು ತೆರೆದ ಡಬ್ಬಿಯಾಗುತ್ತದೆ, ಬಾಯಿಗೆ ಪ್ಲೇಟ್ ಬೆಸೆಯಲೇಬೇಕು. ಕ್ಯಾಬಿನ್ನಿನ ಭಾರ ಹೊರುವ ಜಾಗ ಅದು. ಒಳ್ಳೆ ವೆಲ್ಡರ್ ಕೈಗೆ ಕೊಡಿ, ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ತೆಗೆಸಿ, ಮುಗಿದ ಮೇಲೆ ಪೇಂಟ್ ಹೊಡೆಸಿ. ಚಕ್ರದ ಹಿಂದಿನ ಪ್ಲಾಸ್ಟಿಕ್ ಲೈನರ್ ತಾಗುತ್ತಿದ್ದರೆ ಅದಕ್ಕೆ ಹೀಟ್ ಗನ್ ಹಿಡಿದು ಹಿಂದಕ್ಕೆ ಒತ್ತಿದರೆ ಸಾಕು.

ಸ್ಟೆಪ್ನಿ ಕೂಡ ಅದೇ ಅಳತೆಯದು ತಗೊಳ್ಳಿ. ಹಿಂದೆ ಒಂದು ಸಣ್ಣದು ಒಂದು ದೊಡ್ಡದು ಹಾಕಿ ದೂರ ಓಡಿಸಿದರೆ ಡಿಫರೆನ್ಷಿಯಲ್ ಸುಟ್ಟುಕೊಳ್ಳುತ್ತೀರಿ. ಸ್ಪೀಡೋಮೀಟರ್ 60 ಮೈಲಿ ತೋರಿಸುವಾಗ ನೀವು ನಿಜಕ್ಕೂ 64ರಲ್ಲಿ ಹೋಗುತ್ತಿರುತ್ತೀರಿ, ಅದು ಪೊಲೀಸರ ರಾಡಾರ್‌ಗೆ ಗೊತ್ತಾಗುತ್ತದೆ. ಅರಿಜೋನಾದಲ್ಲಿ ಬಂಪರ್ ಎತ್ತರ ಬದಲಾದ ಪಿಕಪ್‌ಗೆ ಹಿಂದೆ ಮಡ್‌ಫ್ಲ್ಯಾಪ್ ಕಡ್ಡಾಯ, ನೆಲದಿಂದ 8 ಇಂಚಿನ ಒಳಗೆ ಇಳಿದಿರಬೇಕು. ಬೇರೆ ರಾಜ್ಯಗಳ ಕಾನೂನು ಬೇರೆ. ಊರಲ್ಲಿ ಕೂತು ಓದುತ್ತಿರುವವರು ಮಾತ್ರ ಇದಕ್ಕೆ ಕೈ ಹಾಕಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ವಿವರ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ.

ಚಕ್ರದ ನಟ್‌ಗಳನ್ನು ಎದುರುಬದುರಾಗಿ 83 ಫುಟ್-ಪೌಂಡ್‌ಗೆ ಬಿಗಿದು, 50 ಮೈಲಿ ಓಡಿಸಿ ಮತ್ತೆ ನೋಡಿ. ಬಾಡಿ ಬೋಲ್ಟ್‌ಗಳನ್ನು 500 ಮೈಲಿಗೆ ನೋಡಿ. ನನ್ನದರಲ್ಲಿ ಡ್ರೈವರ್ ಬದಿಯ ಎರಡು ಬೋಲ್ಟ್ ಕಾಲು ಸುತ್ತು ತಿರುಗಿದವು.