ಎರಡು ಊರಿನ ಅಥವಾ ದೇಶದ ಸರ್ಕಾರಿ ಅಂಕಿಅಂಶ ಹೋಲಿಸುವ ಮುಂಚೆ ಇಷ್ಟು ನೋಡಿ

ಮೊದಲು ಗಡಿ. ಧಾರವಾಡ ಜಿಲ್ಲೆ ಒಡೆದು ಗದಗ, ಹಾವೇರಿ ಬೇರೆಯಾದದ್ದು 1997ರಲ್ಲಿ. ಹಾಗಾಗಿ 1991ರ ಜನಗಣತಿಯ ಧಾರವಾಡವನ್ನು 2011ರ ಧಾರವಾಡದ ಪಕ್ಕ ಸುಮ್ನೆ ಇಟ್ಟರೆ ಅರ್ಧಕ್ಕರ್ಧ ಜನ ಕಾಣೆಯಾದಂತೆ ಕಾಣುತ್ತದೆ. ಈಗಿನ ಮೂರೂ ಜಿಲ್ಲೆಗಳನ್ನು ಕೂಡಿಸಿ, ಆಮೇಲೆ ಹೋಲಿಸಿ.

ಆಮೇಲೆ ಅಳತೆ, ಜಾಸ್ತಿ ಎಡವುವುದು ಇಲ್ಲೇ. ನಮ್ಮ ಹತ್ತಿ ಲೆಕ್ಕದಲ್ಲಿ ಒಂದು ಬೇಲ್ (ಒತ್ತಿ ಕಟ್ಟಿದ ಹತ್ತಿಯ ಮೂಟೆ) ಅಂದರೆ 170 ಕಿಲೋ. ಅಮೆರಿಕದ ಕೃಷಿ ಇಲಾಖೆ ಬರೆಯುವ ಬೇಲ್ 480 ಪೌಂಡ್, ಅಂದರೆ ಸುಮಾರು 218 ಕಿಲೋ. ಹೆಸರು ಒಂದೇ, ತೂಕ ಬೇರೆ! ನಮ್ಮ 100 ಬೇಲ್ ಅವರ ಪಟ್ಟಿಯಲ್ಲಿ 78 ಆಗುತ್ತದೆ, ಬೆಳೆ ಮಾತ್ರ ಒಂದು ಎಳೆಯೂ ಕಡಿಮೆಯಾಗಿರುವುದಿಲ್ಲ. ಎಲ್ಲವನ್ನೂ ಟನ್ನಿಗೆ ತನ್ನಿ.

ಸಾಕ್ಷರತೆಗೆ ವಯಸ್ಸು ನೋಡಬೇಕು. ನಮ್ಮ ಜನಗಣತಿ 7 ವರ್ಷದಿಂದ ಎಣಿಸುತ್ತದೆ, ಯುನೆಸ್ಕೋದ ವಯಸ್ಕರ ಸಾಕ್ಷರತೆ 15ರಿಂದ. ಹಣಕಾಸು ವರ್ಷವೂ ಅಷ್ಟೇ: ನಮ್ಮದು ಏಪ್ರಿಲ್‌ನಿಂದ, ಬಾಂಗ್ಲಾದೇಶ, ಪಾಕಿಸ್ತಾನದ್ದು ಜುಲೈನಿಂದ.

ಎಲ್ಲ ದೇಶಗಳೂ ಒಂದೇ ವ್ಯಾಖ್ಯೆ, ಒಂದೇ ವರ್ಗೀಕರಣ ಬಳಸಲಿ ಅಂತ ವಿಶ್ವಸಂಸ್ಥೆ 1994ರಲ್ಲೇ ತತ್ವಗಳನ್ನು ಒಪ್ಪಿಕೊಂಡಿದೆ. ಅದು ಪೂರ್ತಿ ಜಾರಿಗೆ ಬರಲೇಬೇಕು, ಯಾಕಂದರೆ ಅನುದಾನ, ಯೋಜನೆ ಎಲ್ಲ ಈ ಲೆಕ್ಕದ ಮೇಲೇ ನಿಂತಿವೆ. ಅಲ್ಲಿಯವರೆಗೆ ನಿಮ್ಮ ಪಟ್ಟಿಯ ಕೆಳಗೆ ಗಡಿ, ಅಳತೆ, ವಯಸ್ಸು, ವರ್ಷ ತಪ್ಪದೆ ಬರೆಯಿರಿ.