ಗಾಡಿಗೆ ರೀಕಾಲ್ ಬಂದರೆ ಶೋರೂಂಗೆ ಒಯ್ಯಬೇಕಾ, ಗ್ಯಾರೇಜಲ್ಲೇ ಮಾಡಿಸಬಹುದಾ?

ರೀಕಾಲ್ ಅಂದ ಕೂಡಲೇ ಕಂಪನಿಯವರು ಗಾಡಿ ವಾಪಸ್ ತಗೊಳ್ತಾರೆ ಅಂತ ಹೆದರುವವರು ಇನ್ನೂ ಇದ್ದಾರೆ. ಹಾಗೇನಿಲ್ಲ. ತಯಾರಾಗುವಾಗಲೇ ಯಾವುದೋ ಭಾಗ ಕೆಟ್ಟು ಬಂದಿದೆ, ಅದನ್ನು ಕಂಪನಿ ತನ್ನ ದುಡ್ಡಲ್ಲೇ ಸರಿ ಮಾಡಿಕೊಡುತ್ತದೆ. ವಾರಂಟಿ ಮುಗಿದಿದ್ದರೂ ಕೇಳಿ. 2019ರಲ್ಲಿ ತಯಾರಾದ 16 ಸಾವಿರ ಬಲೆನೊ ಮತ್ತು ವ್ಯಾಗನ್ಆರ್ ಕಾರುಗಳನ್ನು ಮಾರುತಿ ವಾಪಸ್ ಕರೆದದ್ದು 2024ರ ಮಾರ್ಚ್‌ನಲ್ಲಿ, ಫ್ಯೂಯೆಲ್ ಪಂಪ್ ಮೋಟಾರಿನ ಒಂದು ಭಾಗಕ್ಕಾಗಿ. ಆಗಲೇ ನಾಲ್ಕು ವರ್ಷ ಹಳೆಯ ಗಾಡಿಗಳು ಅವು, ಆದರೂ ಕೆಲಸ ಫ್ರೀ.

ನಮ್ಮ ಕಡೆ ದೊಡ್ಡ ತೊಂದರೆ ಬೇರೆಯೇ ಇದೆ. ರಾಯಚೂರು, ಸಿಂಧನೂರು, ಗಂಗಾವತಿ ಕಡೆ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಸೆಕೆಂಡ್ ಹ್ಯಾಂಡ್ ಕಾರು ತಂದವರು ಬೇಕಾದಷ್ಟು ಜನ. ಕಂಪನಿಯ ಮೆಸೇಜು ಮೊದಲನೇ ಮಾಲೀಕನ ನಂಬರಿಗೆ ಹೋಗುತ್ತದೆ, ಅವನು ನೋಡಿ ಡಿಲೀಟ್ ಮಾಡ್ತಾನೆ, ಗಾಡಿ ಓಡಿಸುವ ನಿಮಗೆ ಸುದ್ದಿಯೇ ಇಲ್ಲ. ಅದಕ್ಕೇ ಯಾರೋ ಹೇಳಲಿ ಅಂತ ಕಾಯಬೇಡಿ, ನೀವೇ ನೋಡಿ.

ಆರ್‌ಸಿ ತೆಗೆದು ಚಾಸಿ ನಂಬರ್ ನೋಡಿ. 17 ಅಕ್ಷರ ಇರುತ್ತವೆ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಈ ಮೂರು ಅಕ್ಷರ ಬರುವುದೇ ಇಲ್ಲ, ಹಾಗಾಗಿ ಓ ತರಹ ಕಂಡದ್ದು ಸೊನ್ನೆ, ಐ ತರಹ ಕಂಡದ್ದು ಒಂದು. ಇಲ್ಲಿ ತಪ್ಪಿದರೆ ವೆಬ್‌ಸೈಟ್ ಸರಿಯಾದ ಉತ್ತರ ಕೊಡುವುದಿಲ್ಲ. ಕಾರ್ಡ್ ಸವೆದಿದ್ದರೆ ಡಿಜಿಲಾಕರ್‌ನಲ್ಲಿ ನೋಡಿ, ಬೈಕಾದರೆ ಹ್ಯಾಂಡಲ್ ಕುತ್ತಿಗೆಯ ಹತ್ತಿರ ಫ್ರೇಮ್ ಮೇಲೇ ಕೊರೆದಿರುತ್ತಾರೆ, ಧೂಳು ಒರೆಸಿ ಓದಿ. ಕಂಪನಿ ವೆಬ್‌ಸೈಟಿನ ರೀಕಾಲ್ ಅಥವಾ ಸರ್ವಿಸ್ ಕ್ಯಾಂಪೇನ್ ಪುಟದಲ್ಲಿ ಆ ನಂಬರ್ ಹಾಕಿ.

ನಿಮ್ಮ ಗಾಡಿ ರೀಕಾಲಿನಲ್ಲಿ ಇದೆ ಅಂತ ಬಂತಾ? ಸೀದಾ ಗಾಡಿ ತಿರುಗಿಸಿಕೊಂಡು ಹೊರಡಬೇಡಿ. ಲಿಂಗಸುಗೂರಿನಿಂದ ರಾಯಚೂರಿಗೆ ಬಂದು "ಪಾರ್ಟ್ ಬಂದಿಲ್ಲ ಸರ್, ಮುಂದಿನ ವಾರ ಬನ್ನಿ" ಅನ್ನಿಸಿಕೊಂಡರೆ ಡೀಸೆಲ್ ದುಡ್ಡು ಯಾರು ಕೊಡ್ತಾರೆ? ಫೋನ್ ಮಾಡಿ ಚಾಸಿ ನಂಬರ್ ಹೇಳಿ, ಪಾರ್ಟ್ ಇದೆಯಾ ಕೇಳಿ, ಆಮೇಲೆ ಹೋಗಿ. ಕೊಂಡ ಶೋರೂಂಗೇ ಹೋಗಬೇಕು ಅಂತಿಲ್ಲ, ಅದೇ ಕಂಪನಿಯ ಬಳ್ಳಾರಿ ಸರ್ವಿಸ್ ಸೆಂಟರಲ್ಲಿ ಬೇಗ ಸಿಕ್ಕರೆ ಅಲ್ಲೇ ಮಾಡಿಸಿ. ಜಾಬ್ ಕಾರ್ಡ್‌ಗೆ, ಅಂದರೆ ಗಾಡಿಗೆ ಏನೇನು ಕೆಲಸ ಮಾಡ್ತಾರೆ ಅಂತ ಸರ್ವಿಸ್ ಸೆಂಟರಿನವರು ಬರೆಯುವ ಚೀಟಿಗೆ, ಸಹಿ ಹಾಕುವ ಮೊದಲು ಓದಿ. ರೀಕಾಲ್ ಕೆಲಸ ಬೇರೆ ಸಾಲಿನಲ್ಲಿ ಇರಬೇಕು, ಅದರ ಮುಂದೆ ಸೊನ್ನೆ ರೂಪಾಯಿ ಇರಬೇಕು. "ಹೇಗೂ ಬಂದಿದ್ದೀರಿ, ಆಯಿಲ್ ಸರ್ವಿಸ್, ವೀಲ್ ಅಲೈನ್‌ಮೆಂಟ್ ಮಾಡಿಬಿಡೋಣ" ಅಂದರೆ, ಬೇಡ ಅನ್ನಿಸಿದರೆ ಬೇಡ ಅನ್ನಿ, ಅದಕ್ಕೂ ರೀಕಾಲಿಗೂ ಸಂಬಂಧ ಇಲ್ಲ. ಮುಗಿದ ಮೇಲೆ ಬಿಲ್ ಇಟ್ಟುಕೊಳ್ಳಿ, ನಾಳೆ ಗಾಡಿ ಮಾರುವಾಗ ಬೇಕಾಗುತ್ತದೆ.

ಇನ್ನು ಗ್ಯಾರೇಜಿನ ಮಾತು. ನಿಮ್ಮ ಮೆಕ್ಯಾನಿಕ್ ಎಷ್ಟೇ ಜಾಣ ಇರಲಿ, ಏರ್‌ಬ್ಯಾಗ್ ಮುಟ್ಟಿಸಬೇಡಿ. ದಯವಿಟ್ಟು ಬೇಡ. ತಕಾಟಾ ಕಂಪನಿಯ ಏರ್‌ಬ್ಯಾಗುಗಳಲ್ಲಿ ಆದದ್ದೇನು? ಬ್ಯಾಗ್ ಉಬ್ಬಿಸಲು ಒಳಗಿಟ್ಟಿದ್ದ ಅಮೋನಿಯಂ ನೈಟ್ರೇಟ್ ಅನ್ನೋ ರಾಸಾಯನಿಕ ವರ್ಷಗಟ್ಟಲೆ ಸೆಕೆ, ತೇವ ತಿಂದು ಹಾಳಾಗಿ, ಬ್ಯಾಗ್ ತೆರೆದುಕೊಳ್ಳುವಾಗ ಲೋಹದ ಚೂರುಗಳೇ ಸಿಡಿದು ಜನ ಸತ್ತರು. ನಮ್ಮಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ, ಅಲ್ವಾ? ಬ್ರೇಕ್, ಸ್ಟೀರಿಂಗ್, ಫ್ಯೂಯೆಲ್ ಪಂಪ್ ಕೂಡ ಶೋರೂಂನಲ್ಲೇ.

ಸಣ್ಣ ಕೆಲಸ ಆದರೆ? 2021ರಲ್ಲಿ ರಾಯಲ್ ಎನ್‌ಫೀಲ್ಡ್ ಇಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ಗಾಗಿ 2.36 ಲಕ್ಷಕ್ಕೂ ಹೆಚ್ಚು ಬೈಕ್ ಕರೆಯಿತು. ಕಾಯಿಲ್ ಬದಲಾಯಿಸುವುದು ಯಾವ ಮೆಕ್ಯಾನಿಕ್‌ಗೂ ಬರುತ್ತದೆ. ಆದರೆ ಅಂಗಡಿಯಿಂದ ತಂದ ಕಾಯಿಲ್ ಅದೇ ಕೆಟ್ಟ ಲಾಟಿನದ್ದಾಗಿದ್ದರೆ? ದುಡ್ಡೂ ಹೋಯ್ತು, ಕಂಪನಿ ದಾಖಲೆಯಲ್ಲಿ ನಿಮ್ಮ ರೀಕಾಲ್ ಹಾಗೇ ಬಾಕಿ ಉಳಿಯಿತು. ರೀಕಾಲ್ ಗೊತ್ತಾಗುವ ಮೊದಲೇ ಮಾಡಿಸಿಬಿಟ್ಟಿದ್ದರೆ ಬಿಲ್ಲು, ಹಳೆ ಪಾರ್ಟು ಎರಡೂ ತೋರಿಸಿ ದುಡ್ಡು ವಾಪಸ್ ಕೇಳಿ. ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದು ಅಂದರೆ ಎಲೆಕ್ಟ್ರಿಕ್ ಸ್ಕೂಟರಿಗೆ ಬರುವ ಸಾಫ್ಟ್‌ವೇರ್ ಅಪ್‌ಡೇಟ್ ತರಹದ್ದು, ಅದೂ ಕಂಪನಿಯೇ ಕಳಿಸಿದ್ದು.

ಶೋರೂಂನವರು ಸತಾಯಿಸಿದರೆ ಬಾಯಿ ಮಾತಲ್ಲಿ ಜಗಳ ಬೇಡ. ಕಂಪನಿಗೆ ಇಮೇಲ್ ಹಾಕಿ, ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, ಕೊಳ್ಳುವಾಗ ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಗಾಡಿ ಓಡಿಸಲೇಬೇಡಿ ಅಂತ ಕಂಪನಿ ಹೇಳಿದ್ದರೆ ನಿಧಾನವಾಗಿ ಹೋದರಾಯ್ತು ಅಂತ ಹೊರಡಬೇಡಿ, ಎಳೆದೊಯ್ಯುವ ಗಾಡಿ ಕಳಿಸಿ ಅಂತ ಅವರನ್ನೇ ಕೇಳಿ.