ಎಕ್ಸ್‌ಚೇಂಜ್ ಸ್ಟೂಡೆಂಟ್ಸ್‌ಗೆ ಇನೆ ಊರು ತೋರಿಸೋದು ಹೇಗೆ

ಕ್ಯೋಟೋದಲ್ಲಿ ಓದ್ತಿರೋ ನಮ್ಮೋರಿಗೆ ಆಗಾಗ ಈ ಕೆಲಸ ಬೀಳುತ್ತೆ, ಹೊಸ ಬ್ಯಾಚ್ ಬಂದಿದೆ ಎಲ್ಲಾದ್ರೂ ಸುತ್ತಾಡ್ಸ್ಕೊಂಡು ಬನ್ನಿ ಅಂತ. ಸಿಟಿ ಒಳಗಿನ ದೇವಸ್ಥಾನಗಳನ್ನ ಅವ್ರೇ ನೋಡ್ಕೋತಾರೆ, ನೀವು ಇನೆಗೆ ಕರ್ಕೊಂಡು ಹೋಗಿ. ಅದೇ ಕ್ಯೋಟೋ ಪ್ರಿಫೆಕ್ಚರ್‌ನ ಉತ್ತರಕ್ಕೆ ಜಪಾನ್ ಸಮುದ್ರದ ದಡದಲ್ಲಿರೋ ಮೀನುಗಾರರ ಊರು, ಜನ ಸುಮಾರು 2,000. ಅಮಾನೊಹಾಶಿದಾತೆ ತನಕ ಎಕ್ಸ್‌ಪ್ರೆಸ್ ಟ್ರೈನಲ್ಲಿ ಎರಡು ಗಂಟೆ ಚಿಲ್ಲರೆ, ಅಲ್ಲಿಂದ ಬಸ್ಸಲ್ಲಿ ಇನ್ನೊಂದು ಗಂಟೆ. ಆರೇಳು ಜನಕ್ಕಿಂತ ಜಾಸ್ತಿ ಬೇಡ, ರಸ್ತೆ ಕಿರಿದು, ಗುಂಪು ದೊಡ್ಡದಾದಷ್ಟೂ ಊರವ್ರಿಗೆ ತೊಂದ್ರೆ.

ಇಳಿದ ತಕ್ಷಣ ರಸ್ತೆ ಮೇಲೆ ನಡ್ಸೋಕೆ ಹೋಗ್ಬೇಡಿ, ಮೊದ್ಲು ಬೋಟ್ ಹತ್ತಿಸಿ. ಹಿನೋದೆ ಅನ್ನೋ ದಕ್ಕೆಯಿಂದ ಹೊರಡೋ ಬೋಟ್ ಕೊಲ್ಲೀನ ಇಪ್ಪತ್ತೈದು ನಿಮಿಷದಲ್ಲಿ ಸುತ್ತಿಸುತ್ತೆ. ಯಾಕೆ ಬೋಟ್ ಮೊದ್ಲು ಅಂದ್ರೆ ಈ ಊರಿನ ಮುಖ ಇರೋದೇ ನೀರಿನ ಕಡೆ, ಸುಮಾರು 5 ಕಿಲೋಮೀಟರ್ ದಡದುದ್ದಕ್ಕೂ 230ರಷ್ಟು ಫುನಾಯಾ, ಅಂದ್ರೆ ದೋಣಿಮನೆಗಳು, ಒಂದಕ್ಕೊಂದು ಭುಜ ತಾಗಿಸ್ಕೊಂಡು ನಿಂತಿರುತ್ವೆ, ಕೆಳಗಡೆ ದೋಣಿ ನಿಲ್ಸೋ ಜಾಗ, ಮೇಲ್ಗಡೆ ಬಲೆ, ಸಾಮಾನು ಇಡೋ ಅಟ್ಟ, ಈಗೀಗ ಅಟ್ಟಾನ ರೂಮ್ ಮಾಡ್ಕೊಂಡಿದ್ದಾರೆ. ಮಕ್ಕಳು ಖಂಡಿತ ಕೇಳ್ತಾರೆ, ಅಲೆ ಬಂದ್ರೆ ಮನೆಗೆ ನೀರು ನುಗ್ಗಲ್ವಾ ಅಂತ. ಆಗ ಕೊಲ್ಲಿ ಬಾಯಲ್ಲಿರೋ ಆವೊಶಿಮಾ ದ್ವೀಪ ತೋರ್ಸಿ, ಅದು ಅಡ್ಡ ನಿಂತು ಅಲೆ ತಡೆಯುತ್ತೆ, ಜೊತೆಗೆ ಜಪಾನ್ ಸಮುದ್ರದಲ್ಲಿ ಉಬ್ಬರ ಇಳಿತದ ವ್ಯತ್ಯಾಸಾನೇ ಕಮ್ಮಿ, ಇಲ್ಲಿ ಅರ್ಧ ಮೀಟರ್ ಆಸುಪಾಸು ಅಷ್ಟೇ. ಮಂಗಳೂರು, ಕಾರವಾರದ ಕಡೆಯವ್ರು ಗುಂಪಲ್ಲಿದ್ರೆ ಅವ್ರಿಗೆ ಇದು ಎಷ್ಟು ಆಶ್ಚರ್ಯ ಅಂತ ತಕ್ಷಣ ಗೊತ್ತಾಗುತ್ತೆ, ನಮ್ಮ ಕಡಲ ಮುಂದೆ ಹೀಗೆ ಮನೆ ಕಟ್ಟೋಕಾಗುತ್ತಾ ಹೇಳಿ!

ಬೋಟಲ್ಲಿ ತಿಂಡಿ ಕೈಲಿ ಹಿಡ್ಕೊಂಡು ನಿಲ್ಬೇಡಿ ಅಂತ ಹೇಳಿ, ಹದ್ದು ಬಂದು ಕಿತ್ಕೊಂಡು ಹೋಗುತ್ತೆ.

ಆಮೇಲೆ ನಡಿಗೆ. ರಸ್ತೆಯ ಒಂದು ಪಕ್ಕ ಫುನಾಯಾ, ಇನ್ನೊಂದು ಪಕ್ಕ ಗುಡ್ಡಕ್ಕೆ ಒರಗಿ ವಾಸದ ಮನೆ, ಎರಡೂ ಒಂದೇ ಮನೆಯವ್ರದ್ದು. ಈಗಿನ ರಸ್ತೆ ಬಂದಿದ್ದು 1930ರ ದಶಕದಲ್ಲಿ, ಅದಕ್ಕೆ ಮುಂಚೆ ಪಕ್ಕದ ಮನೆಗೂ ದೋಣೀಲೇ ಹೋಗ್ತಿದ್ರು ಅಂತ ಹೇಳಿದ್ರೆ ಊರು ಯಾಕೆ ಹೀಗಿದೆ ಅಂತ ಅವ್ರಿಗೇ ಅರ್ಥ ಆಗುತ್ತೆ. 2005ರಲ್ಲಿ ಜಪಾನ್ ಸರ್ಕಾರ ಇದನ್ನ ಸಂರಕ್ಷಿತ ಪ್ರದೇಶ ಅಂತ ಆಯ್ಕೆ ಮಾಡ್ತು.

ಈಗ ಮುಖ್ಯವಾದ ಮಾತು, ಇದನ್ನ ಬಸ್ಸಲ್ಲೇ ಹೇಳ್ಬಿಡಿ. ಫುನಾಯಾ ಬಾಗಿಲು ತೆಗ್ದಿದೆ ಅಂದ್ರೆ ಒಳಗೆ ಬನ್ನಿ ಅಂತ ಅಲ್ಲ. ಒಂದ್ಸಲ ನಾನು ಹಿಂದೆ ಉಳಿದಿದ್ದಾಗ ನಮ್ಮ ಗುಂಪಿನ ಹುಡುಗ ಫೋಟೋ ತೆಗೆಯೋಕೆ ಸೀದಾ ಒಳಗೆ ಹೋಗ್ಬಿಟ್ಟ, ಅಲ್ಲಿ ಅಜ್ಜಿ ಒಬ್ರು ಕುಕ್ಕರಗಾಲಲ್ಲಿ ಕೂತು ಮೀನು ಕ್ಲೀನ್ ಮಾಡ್ತಿದ್ರು, ಬೈಲಿಲ್ಲ, ಕೈ ಒರೆಸ್ಕೊಂಡು ಎದ್ದು ನಿಂತ್ರು ಅಷ್ಟೇ. ನಾನು ಹೋಗಿ ತಲೆ ಬಗ್ಗಿಸಿ ‘ಸುಮಿಮಾಸೆನ್’, ಅಂದ್ರೆ ಕ್ಷಮಿಸಿ ಅಂದೆ, ಇವತ್ತಿಗೂ ಅವ್ರ ಆ ಮುಖ ಮರೆಯಕ್ಕಾಗಲ್ಲ. ಎದುರಿಗೆ ಸಿಕ್ಕವ್ರಿಗೆಲ್ಲ ‘ಕೊನ್ನಿಚಿವಾ’, ಅಂದ್ರೆ ನಮಸ್ಕಾರ ಅನ್ನಿ, ಯಾರಾದ್ರೂ ಒಳಗೆ ಕರೆದ್ರೆ ಶೂ ಬಿಚ್ಚಿ ‘ಒಜಾಮಾ ಶಿಮಾಸು’, ಅಂದ್ರೆ ತೊಂದ್ರೆ ಕೊಡ್ತಿದ್ದೀನಿ ಅಂತ ಹೇಳಿ ಹೋಗಿ, ಕಸ ಬ್ಯಾಗಲ್ಲೇ ವಾಪಸ್ ತನ್ನಿ. ಫುನಾಯಾ ಮುಂದೆ ನೀರಲ್ಲಿ ಹಗ್ಗ ಇಳಿಬಿಟ್ಟಿದ್ರೆ ಎಳೀಬೇಡಿ, ಅದು ಮೊಂದೊರಿ, ಮೀನು ಹಿಡಿಯೋ ಬುಟ್ಟಿ. ಮೀನಿನ ತಲೆ, ಮುಳ್ಳು ಅದರೊಳಗೆ ಹಾಕಿ ಬಿಟ್ರೆ ಮೀನು ತಾನೇ ಬಂದು ಸಿಕ್ಕಾಕೊಳ್ಳುತ್ತೆ, ಅದೇ ಆ ಮನೆಯ ಊಟ.

ಊಟ ಅಂದ್ರೆ ಚಳಿಗಾಲದಲ್ಲಿ ಬುರಿ ಮೀನು, ತಿನ್ನೋರಿಗೆ ಹಬ್ಬ. ಸಸ್ಯಾಹಾರಿಗಳಿಗೆ ಕಷ್ಟ, ಬರೀ ತರಕಾರಿ ಅನ್ಕೊಂಡ ಸೂಪಲ್ಲೂ ದಾಶಿ ಅಂದ್ರೆ ಮೀನಿನ ಸಾರ ಇರುತ್ತೆ, ಹಾಗಾಗಿ ಅವ್ರಿಗೆ ಹಿಂದಿನ ದಿನಾನೇ ಡಬ್ಬಿ ಕಟ್ಕೊಳ್ಳೋಕೆ ಹೇಳಿ. ದಡದಲ್ಲೇ 1754ರಿಂದ ಸಾಕೆ, ಅಂದ್ರೆ ಅಕ್ಕಿಯ ಮದ್ಯ, ಮಾಡ್ತಿರೋ ಮುಕಾಯಿ ಶುಜೋ ಇದೆ, ಕೆಂಪಕ್ಕಿಯಿಂದ ಕೆಂಪು ಸಾಕೆ ಮಾಡ್ತಾರೆ, ಇಪ್ಪತ್ತು ತುಂಬದವ್ರಿಗೆ ಜಪಾನಲ್ಲಿ ಕೊಡೋ ಹಾಗಿಲ್ಲ.

ಟೈಮ್ ಇದ್ರೆ ಉರಾಶಿಮಾ ದೇವಸ್ಥಾನಕ್ಕೂ ಹೋಗಿ, 825ರದ್ದು ಅಂತಾರೆ. ಸಮುದ್ರದಾಚೆಯ ಲೋಕಕ್ಕೆ ಹೋಗಿ ಮೂರು ವರ್ಷ ಇದ್ದು ವಾಪಸ್ ಬಂದ ಮೀನುಗಾರನಿಗೆ ಊರಲ್ಲಿ ಮುನ್ನೂರು ವರ್ಷ ಕಳೆದೋಗಿತ್ತು, ಆ ಉರಾಶಿಮಾನ ಕಥೆ ಇಲ್ಲಿಯದ್ದು. ನಮ್ಮ ಹುಡುಗರಿಗೆ ಬಲರಾಮನ ಹೆಂಡತಿ ರೇವತಿಯ ಅಪ್ಪ ಬ್ರಹ್ಮಲೋಕಕ್ಕೆ ಹೋಗ್ಬರೋಷ್ಟ್ರಲ್ಲಿ ಇಲ್ಲಿ ಯುಗಗಳೇ ಕಳೆದ ಕಥೆ ನೆನಪಿಸಿ, ಕಣ್ಣರಳಿಸ್ಕೊಂಡು ಕೇಳ್ತಾರೆ.

ಛತ್ರಿ ಕಡ್ಡಾಯ, ‘ಬುತ್ತಿ ಮರೆತ್ರೂ ಛತ್ರಿ ಮರೀಬೇಡ’ ಅನ್ನೋದು ಈ ಕಡೆಯವ್ರ ಗಾದೆ. ಭೂಮಿ ಜೋರಾಗಿ ನಡುಗಿದ್ರೆ ಸುನಾಮಿ ಬರ್ಬಹುದು, ಫೋನ್ ನೋಡ್ಕೊಂಡು ನಿಲ್ದೆ ಗುಡ್ಡದ ಕಡೆ ಹತ್ತಬೇಕು ಅಂತ, ದಾರಿ ಯಾವ್ದು ಅಂತ ಮೊದ್ಲೇ ತೋರಿಸಿಡಿ. ವಾಪಸ್ ಬಸ್ ಟೈಮನ್ನ ಇಳಿದಾಗ್ಲೇ ಸ್ಟಾಪಲ್ಲಿ ಫೋಟೋ ತೆಗ್ದು ಗ್ರೂಪಿಗೆ ಹಾಕಿ, ಸಂಜೆ ಆದ್ಮೇಲೆ ಬಸ್ಸು ತುಂಬಾ ಕಮ್ಮಿ.